ನೂರಿಪ್ಪತ್ತು ಲೀಟರ್

ಬೆಣ್ಣಿಹಾಳ ನಗರದ ನೀರಿನ ಕೊಳವೆಗಳಿಗೆ ಒಳಚರ್ಮವೆಂಬ ಲೇಪ ಹಚ್ಚಬಹುದು, ಅದರಿಂದ ಕುಡಿಯುವವರ ಆರೋಗ್ಯಕ್ಕೆ ತೊಂದರೆಯಿಲ್ಲ ಎಂದು ಸಹಿ ಮಾಡಿದವಳು ನೀಲಾಂಬಿಕಾ. ನಗರ ನೀರು ಮಂಡಳಿಯ ಪ್ರಯೋಗಾಲಯಕ್ಕೆ ಅವಳೇ ಮುಖ್ಯಸ್ಥೆ. ಸಹಿಗೆ ಮೊದಲು ಏಳು ತಿಂಗಳು ಪರೀಕ್ಷೆ ಮಾಡಿದ್ದಳು. ಬಿಸಿನೀರು, ತಣ್ಣೀರು, ಕ್ಲೋರಿನ್ ಹೆಚ್ಚಾದ ನೀರು, ವಾರಗಟ್ಟಲೆ ಹರಿಯದೆ ನಿಂತ ನೀರು ಎಲ್ಲವನ್ನೂ ಆ ಲೇಪಕ್ಕೆ ತಾಗಿಸಿಟ್ಟು, ಏನೇನು ಕರಗಿ ಬರುತ್ತದೆಂದು ಅಳೆದಿದ್ದಳು.

ಊರಿಗೆ ಆಗ ಅಂಥದೊಂದು ಬೇಕೇ ಬೇಕಾಗಿತ್ತು. ೨೦೩೭ರ ಬೇಸಿಗೆಯಲ್ಲಿ ಕಾಮಾಲೆ ಬಂದು ಕುಂಬಾರ ಓಣಿಯೊಂದರಲ್ಲೇ ಹದಿನೇಳು ಜನ ತೀರಿಕೊಂಡಿದ್ದರು. ನೂರು ವರ್ಷದ ಹಿಂದೆ ಹೂಳಿದ ಬೀಡುಕಬ್ಬಿಣದ ಕೊಳವೆಗಳು ತುಕ್ಕು ತಿಂದು ತೂತಾಗಿದ್ದವು. ನೀರು ಬಿಡದ ದಿನಗಳಲ್ಲಿ ಅವೇ ತೂತುಗಳಿಂದ ಚರಂಡಿ ನೀರು ಒಳಗೆ ಇಳಿಯುತ್ತಿತ್ತು. ಎರಡು ಆಳು ಎದುರಾಬದುರಾ ಬಂದರೆ ಒಬ್ಬರು ಕಟ್ಟೆ ಹತ್ತಬೇಕಾದ ಓಣಿಗಳವು. ಅಗೆದು ಹೊಸ ಕೊಳವೆ ಹಾಕಲು ಹತ್ತು ವರ್ಷ ಬೇಕೆಂದು ಇಂಜಿನಿಯರುಗಳು ಕೈಚೆಲ್ಲಿದ್ದರು. ಆಗ ಬಂದದ್ದು ಒಳಚರ್ಮ.

ಮುಂಗುಸಿಯಷ್ಟು ದೊಡ್ಡ ಯಂತ್ರವೊಂದು ಕೊಳವೆಯೊಳಗೆ ತೆವಳುತ್ತ ತುಕ್ಕು ಕೆರೆಯುತ್ತಿತ್ತು. ಹಿಂದೆಯೇ ಬಿಳಿಯ ಅಂಟೊಂದನ್ನು ಸಿಂಪಡಿಸಿಕೊಂಡು ಹೋಗುತ್ತಿತ್ತು. ಅಂಟು ಆರು ತಾಸಿನಲ್ಲಿ ಒಣಗಿ ಕೊಳವೆಯೊಳಗೆ ಇನ್ನೊಂದು ಕೊಳವೆಯಾಗುತ್ತಿತ್ತು. ಅದರ ತುಂಬ ಗಸಗಸೆಗಿಂತ ಸಣ್ಣ ಗುಳ್ಳೆಗಳು. ಎಲ್ಲಾದರೂ ಬಿರುಕು ಬಿಟ್ಟರೆ ಅಲ್ಲಿನ ಗುಳ್ಳೆಗಳೊಡೆದು ಹೊಸ ಅಂಟು ಒಸರುತ್ತಿತ್ತು, ಪಕ್ಕದಲ್ಲೇ ಇದ್ದ ಹಾರ್ಡನರ್ ಎಂಬ ರಾಸಾಯನಿಕ ತಾಗಿ ಗಟ್ಟಿಯಾಗುತ್ತಿತ್ತು. ಮೊಣಕಾಲು ತರಚಿಕೊಂಡರೆ ಹಕ್ಕಳೆ ಕಟ್ಟುವುದಿಲ್ಲವೇ, ಹಾಗೆ. ಕಂಪನಿಯವರು ಏನೋ ಉದ್ದ ಹೆಸರಿಟ್ಟಿದ್ದರು. ಒಳಚರ್ಮ ಎಂದು ಕರೆದವರು ಊರಿನವರು.

ಹಾರ್ಡನರ್ ಪೂರ್ತಿ ಅಂಟಿನಲ್ಲಿ ಸೇರಿಹೋಗುವುದಿಲ್ಲ. ಚೂರೇ ಚೂರು ಹೊರಗುಳಿದು ನೀರಿಗೆ ಬರುತ್ತದೆ. ನೀಲಾಂಬಿಕಾ ತನ್ನ ಫೈಲಿನಲ್ಲಿ ಅದಕ್ಕೆ ‘ಉಳಿಕೆ-೭’ ಎಂದು ಹೆಸರಿಟ್ಟಿದ್ದಳು. ಒಂದು ಲೀಟರಿಗೆ ಆರು ಮೈಕ್ರೋಗ್ರಾಂ. ಮನುಷ್ಯ ದಿನಕ್ಕೆ ಎರಡು ಲೀಟರ್ ಕುಡಿಯುತ್ತಾನೆ. ಕುಡಿದದ್ದರಲ್ಲಿ ನೂರಕ್ಕೆ ಒಂದು ಪಾಲು ಮಾತ್ರ ಕರುಳು ದಾಟಿ ರಕ್ತ ಸೇರುತ್ತದೆ, ಅದನ್ನೂ ಕಿಡ್ನಿ ಹೊರಗೆ ಹಾಕುತ್ತದೆ. ಎಪ್ಪತ್ತು ವರ್ಷ ಕುಡಿದರೂ ಏನೂ ಆಗದು ಎಂಬ ಲೆಕ್ಕ ಬಂತು. ಲೆಕ್ಕ ಸರಿಯಾಗಿಯೇ ಇತ್ತು. ಅವಳು ಸಹಿ ಮಾಡಿದಳು. ಮುಂದಿನ ಬೇಸಿಗೆಯಲ್ಲಿ ಕುಂಬಾರ ಓಣಿಯಲ್ಲಿ ಒಬ್ಬರಿಗೂ ಕಾಮಾಲೆ ಬರಲಿಲ್ಲ.

ಅದಾದ ಒಂದೂವರೆ ವರ್ಷಕ್ಕೆ ಅವಳ ಎರಡೂ ಕಿಡ್ನಿ ಕೈಕೊಟ್ಟವು. ಅದಕ್ಕೂ ನೀರಿಗೂ ಸಂಬಂಧವಿರಲಿಲ್ಲ. ಅವಳ ಅವ್ವನಿಗೂ ಅದೇ ಕಾಯಿಲೆ ಇತ್ತು. ನಲವತ್ತೊಂಬತ್ತು ವಯಸ್ಸು, ಮದುವೆಯಾಗಿರಲಿಲ್ಲ. ಕಿಡ್ನಿ ಕೊಡುತ್ತೇನೆ ಎನ್ನುವಂಥ ಸಂಬಂಧಿಕರು ಯಾರೂ ಉಳಿದಿರಲಿಲ್ಲ. ಮಂಗಳವಾರ, ಗುರುವಾರ, ಶನಿವಾರ ಬೆಳಿಗ್ಗೆ ಏಳಕ್ಕೆ ಟ್ರಸ್ಟ್ ಆಸ್ಪತ್ರೆಯ ಡಯಾಲಿಸಿಸ್ ವಾರ್ಡಿಗೆ ಹೋಗುವುದು, ನಾಲ್ಕು ತಾಸು ಸೂಜಿ ಚುಚ್ಚಿಸಿಕೊಂಡು ಕೂಡುವುದು, ಮಧ್ಯಾಹ್ನ ಲ್ಯಾಬಿಗೆ ಬರುವುದು ಎಂದು ಬದುಕು ಒಂದು ಕ್ರಮಕ್ಕೆ ಬಂತು.

ಮಂಡಳಿಯ ಕ್ವಾರ್ಟರ್ಸಿನ ಎರಡನೆಯ ಮಹಡಿಯಲ್ಲಿ ಅವಳ ಮನೆ. ಬೀಗ ತೆಗೆದು ಒಳಗೆ ಹೋದರೆ ಬೆಳಿಗ್ಗೆ ಇಟ್ಟ ಚಪ್ಪಲಿ ಇಟ್ಟಲ್ಲೇ, ಮಡಚಿದ ಪೇಪರು ಮಡಚಿದಂತೆಯೇ. ಭಾನುವಾರವಿಡೀ ಯಾರೊಡನೆಯೂ ಮಾತಾಡದೆ ಕಳೆದು, ಸೋಮವಾರ ಬೆಳಿಗ್ಗೆ ಹಾಲಿನವನಿಗೆ ‘ಅರ್ಧ ಲೀಟರ್’ ಎನ್ನಲು ದನಿ ಹೊರಡದೆ ಎರಡನೆಯ ಸಲ ಹೇಳಬೇಕಾಗುತ್ತಿತ್ತು.

ಹಾಗಾಗಿ, ಹೇಳಿದರೆ ಯಾರೂ ನಂಬಲಿಕ್ಕಿಲ್ಲ, ಅವಳು ಸೂಜಿ ಚುಚ್ಚುವ ದಿನಗಳನ್ನೇ ಕಾಯುತ್ತಿದ್ದಳು. ಕಾರಣ ಪಕ್ಕದ ಕುರ್ಚಿಯ ದಾವಲಸಾಬ.

ದಾವಲಸಾಬ ಮೂವತ್ತೆರಡು ವರ್ಷ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿ, ಮೈಕಿನಲ್ಲಿ ಬಸ್ಸುಗಳ ಹೆಸರು ಕೂಗಿ ನಿವೃತ್ತನಾದವನು. ಬಿಳಿ ಗಡ್ಡ, ಅಗಲ ಎದೆ, ಮೈಕಿಲ್ಲದೆಯೂ ವಾರ್ಡಿನ ಈ ತುದಿಯಿಂದ ಆ ತುದಿಗೆ ಕೇಳುವ ದನಿ. ಹತ್ತೊಂಬತ್ತು ಜನ ರೋಗಿಗಳ ಮನೆವಾರ್ತೆ ಅವನಿಗೆ ಬಾಯಿಪಾಠ.

“ನೀಲವ್ವಾ, ನಿನ್ನಿ ಏನ್ ಅಡಗಿ?”

“ಅನ್ನ, ಸಾರು ರೀ ಅಣ್ಣಾರ.”

“ಮೊನ್ನೆನೂ ಅದ ಅಂದಿ. ಆಚಿ ಮೊನ್ನೆನೂ ಅದ. ಒಬ್ಬಾಕಿಗೆ ಅಂತ ಎಷ್ಟ್ ದಿನ ಹಿಂಗ ಕುದಿಸ್ತೀ? ನಮ್ಮ ಮಾಬೂಬಿ ಕೈಲೆ ಎರಡು ರೊಟ್ಟಿ ಕಳಸ್ತೀನಿ, ಉಪ್ಪಿಲ್ಲದ ಪಲ್ಯಾ.”

ಮಾಬೂಬಿ ಅವನ ಹೆಂಡತಿ. ಹೊರಗಿನ ಬೆಂಚಿನ ಮೇಲೆ ಕೂತು ಕಾಯುವವಳು. ರೊಟ್ಟಿ ಬರುತ್ತಿತ್ತು, ಬಟ್ಟೆಯಲ್ಲಿ ಸುತ್ತಿ, ಇನ್ನೂ ಬೆಚ್ಚಗೆ.

ಮಾತಿಗೆ ವಿಷಯ ಮುಗಿದಾಗ ದಾವಲಸಾಬ ಬಸ್ಸು ಕೂಗುತ್ತಿದ್ದ. ಕಣ್ಣು ಮುಚ್ಚಿ, ರಾಗವಾಗಿ: “ಹುಬ್ಬಳ್ಳಿ, ನವಲಗುಂದ, ನರಗುಂದ, ಕುಳಗೇರಿ ಕ್ರಾಸ್, ಕೆರೂರ, ಗದ್ದನಕೇರಿ ಕ್ರಾಸ್, ಕೊಲ್ಹಾರ ಮಾರ್ಗವಾಗಿ ವಿಜಯಪುರಕ್ಕೆ ಹೋಗುವ ಬಸ್ಸು…” ಸೂಜಿಯ ನೋವಿಗೆ ಮುಖ ಹಿಂಡಿಕೊಂಡವರೂ ನಗುತ್ತಿದ್ದರು.

೨೦೪೧ರ ಮಾರ್ಚಿನ ಒಂದು ಗುರುವಾರ ಅವನು ಅದೇ ಬಸ್ಸು ಕೂಗಿದ. ನರಗುಂದ, ಕುಳಗೇರಿ ಕ್ರಾಸ್, ಗದ್ದನಕೇರಿ ಕ್ರಾಸ್. ನೀಲಾಂಬಿಕಾ ನಕ್ಕು, “ಕೆರೂರದವ್ರನ್ನ ಎಲ್ಲಿ ಇಳಸಿದ್ರಿ ಅಣ್ಣಾರ?” ಎಂದಳು.

“ಯಾವೂರು?”

“ಕೆರೂರ ರೀ.”

ಅವನು ಅವಳ ಕಡೆ ನೋಡಿದ. ಆ ಊರಿನ ಹೆಸರನ್ನು ಜೀವಮಾನದಲ್ಲಿ ಮೊದಲ ಸಲ ಕೇಳಿದವನ ಮುಖ ಅದು. ಆಮೇಲೆ ಸುಮ್ಮನೆ ನಕ್ಕುಬಿಟ್ಟ. ಆ ದಿನ ಮತ್ತೆ ಬಸ್ಸು ಕೂಗಲಿಲ್ಲ.

ಏಪ್ರಿಲಿನಲ್ಲಿ ಕೊಲ್ಹಾರ ಹೋಯಿತು, ನವಲಗುಂದ ಹೋಯಿತು. ಮೇ ತಿಂಗಳಲ್ಲಿ ಅವನು ‘ರೊಟ್ಟಿ’ ಎನ್ನಲು ಬರದೆ ಕೈಯಿಂದ ತಟ್ಟಿ ತೋರಿಸಿದ. ಕಿಟಕಿ ಪಕ್ಕದ ಕುರ್ಚಿಯ ಟೇಲರ್ ಹೆಂಗಸು ತನ್ನ ಸೊಸೆಯ ಹೆಸರು ಹುಡುಕುತ್ತ ಅತ್ತುಬಿಟ್ಟಳು. ನೆಫ್ರಾಲಜಿಸ್ಟ್ ವಾರಕ್ಕೊಮ್ಮೆ ಬರುವವರು. ವಯಸ್ಸು, ಬಿ.ಪಿ., ಮೆದುಳಿಗೆ ರಕ್ತ ಸಾಲುತ್ತಿಲ್ಲ ಎಂದು ಬರೆದು ಹೋದರು. ಹತ್ತೊಂಬತ್ತು ಜನರಲ್ಲಿ ಹನ್ನೊಂದು ಜನರಿಗೆ ಹೀಗಾಗಿದೆಯೆಂದು ಎಣಿಸಿದವರು ಯಾರೂ ಇರಲಿಲ್ಲ. ನೀಲಾಂಬಿಕಾ ಕೂಡ ಎಣಿಸಿರಲಿಲ್ಲ. ದಾವಲಸಾಬ ಸುಮ್ಮನಾದದ್ದೊಂದೇ ಅವಳಿಗೆ ಕಾಣುತ್ತಿತ್ತು. ನಾಲ್ಕು ತಾಸು ಯಂತ್ರಗಳ ಗುಂಯ್‌ಗುಡುವಿಕೆಯ ನಡುವೆ ಅವನು ಬಾಯಿ ತೆರೆಯುತ್ತಿದ್ದ, ಮುಚ್ಚುತ್ತಿದ್ದ. ಅವಳು ಮನೆಗೆ ಹೋದರೆ ಅಲ್ಲಿಯೂ ಅದೇ ಮೌನ.

ಜೂನಿನ ಎರಡನೆಯ ವಾರ, ಲ್ಯಾಬಿನಲ್ಲಿ ನಿಂತಾಗ ಅವಳಿಗೆ ತನ್ನ ಕೈಯಲ್ಲಿದ್ದ ಗಾಜಿನ ಕೊಳವೆಗೆ ಏನನ್ನುತ್ತಾರೆಂದು ಹೊಳೆಯಲಿಲ್ಲ. ಇಪ್ಪತ್ತೈದು ವರ್ಷ ದಿನಾಲೂ ಹಿಡಿದ ವಸ್ತು. ಒಂದು ನಿಮಿಷ ನಿಂತಳು, ಎರಡು ನಿಮಿಷ. ಕಪಾಟಿನ ಬಾಗಿಲಿಗೆ ಅಂಟಿಸಿದ ಪಟ್ಟಿಯ ಮೇಲೆ ಬೆರಳಿಟ್ಟು ಓದಿದಳು: ಬ್ಯುರೆಟ್.

ಅವತ್ತು ಸಂಜೆ ಅವಳು ಬೇಗ ಮನೆಗೆ ಬಂದಳು. ನಲ್ಲಿಯಲ್ಲಿ ನೀರು ಬಂದಿತ್ತು. ಕೊಡ ಇಟ್ಟು, ತುಂಬುವವರೆಗೆ ಗೋಡೆಗೆ ಒರಗಿ ನಿಂತಳು. ಇಪ್ಪತ್ತು ಲೀಟರಿನ ಕೊಡ. ಒಬ್ಬಳಿಗೆ ಎರಡು ದಿನಕ್ಕೆ ಸಾಕು. ಕೊಡ ತುಂಬಿ ಚೆಲ್ಲತೊಡಗಿದರೂ ಅವಳು ನಲ್ಲಿ ನಿಲ್ಲಿಸಲಿಲ್ಲ. ತಲೆಯಲ್ಲಿ ಬೇರೆಯದೇ ಓಡುತ್ತಿತ್ತು. ಕೊಡ ಇಪ್ಪತ್ತು ಲೀಟರ್. ಡಯಾಲಿಸಿಸ್ ಯಂತ್ರ ನಿಮಿಷಕ್ಕೆ ಅರ್ಧ ಲೀಟರ್ ನೀರು ಎಳೆದುಕೊಳ್ಳುತ್ತದೆ. ನಾಲ್ಕು ತಾಸಿಗೆ ನೂರಿಪ್ಪತ್ತು ಲೀಟರ್. ಆರು ಕೊಡ ನೀರು, ಅದರ ಒಂದು ಬದಿಗೆ ಅವಳ ರಕ್ತ, ನಡುವೆ ಕೂದಲಿಗಿಂತ ತೆಳುವಾದ ಪೊರೆ. ಅಲ್ಲಿ ಬಾಯಿಯಿಲ್ಲ, ಕರುಳಿಲ್ಲ. ಸೇರಿದ್ದನ್ನು ಹೊರಗೆ ಹಾಕಲು ಕಿಡ್ನಿಯೂ ಇಲ್ಲ.

ಮರುದಿನ ಅವಳು ಹಳೆಯ ಫೈಲು ತೆಗೆದಳು. ತನ್ನದೇ ಅಕ್ಷರ. ‘ರಕ್ತದಲ್ಲಿ ಹೆಚ್ಚು ಸೇರಿದರೆ ಮೆದುಳಿಗೆ ಹಾನಿ.’ ‘ಸೇವನೆ: ದಿನಕ್ಕೆ ಎರಡು ಲೀಟರ್, ಬಾಯಿಯ ಮೂಲಕ.’ ಬಾಯಿಯ ಮೂಲಕ ಎಂದು ಬರೆದ ಕೈ ತನ್ನದೇ. ಊರಿನಲ್ಲಿ ಬಾಯಿಯ ಮೂಲಕವಲ್ಲದೆ ನೀರು ತೆಗೆದುಕೊಳ್ಳುವವರು ಹತ್ತೊಂಬತ್ತು ಜನರಿದ್ದಾರೆಂದು ಆಗ ಅವಳಿಗೆ ಹೊಳೆದಿರಲಿಲ್ಲ. ಆಸ್ಪತ್ರೆಯ ರಸ್ತೆಯ ಕೊಳವೆಗೆ ಒಳಚರ್ಮ ಹಚ್ಚಿ ಹದಿನಾರು ತಿಂಗಳಾಗಿತ್ತು.

ಆಸ್ಪತ್ರೆಯಲ್ಲಿ ನೀರು ಶುದ್ಧ ಮಾಡುವ ಆರ್‌ಓ ಯಂತ್ರವಿತ್ತು. ಆದರೆ ಉಳಿಕೆ-೭ರ ಅಣು ತೀರಾ ಸಣ್ಣದು, ಅದಕ್ಕೆ ವಿದ್ಯುತ್ ಆವೇಶವೂ ಇಲ್ಲ. ಅಂಥವು ಆ ಜಾಲರಿಯಲ್ಲಿ ನಿಲ್ಲುವುದು ಕಡಿಮೆ. ನಿಲ್ಲುತ್ತದೋ ಇಲ್ಲವೋ ಊಹಿಸಿ ಫಲವಿಲ್ಲ, ಅಳೆಯಬೇಕು.

ವಾರ್ಡಿನ ಟೆಕ್ನಿಷಿಯನ್ ದೇವಪ್ರಿಯ. ಹನ್ನೆರಡು ವರ್ಷದಿಂದ ಅಲ್ಲೇ ಕೆಲಸ ಮಾಡುವವನು, ಮಾತು ಕಡಿಮೆ. ಶನಿವಾರ ಸೂಜಿ ಹಾಕಲು ಬಂದಾಗ ಅವಳು ಕೈಚೀಲದಿಂದ ಕಂದು ಬಣ್ಣದ ಸೀಸೆಗಳನ್ನು ತೆಗೆದು ತೋರಿಸಿದಳು.

“ನನ್ನ ಮಷೀನಿಗೆ ಹೋಗೋ ನೀರು ಒಂದು ಸೀಸೆ ಬೇಕು. ನನ್ನಿಂದ ಹೊರಗ ಬಂದು ಗಟಾರಕ್ಕ ಹೋಗೋ ನೀರು ಒಂದು ಸೀಸೆ. ತಾಸಿಗೊಮ್ಮೆ.”

“ಯಾಕ್ರಿ ಮೇಡಂ?”

“ಒಳಗ ಹೋದದ್ದು ಹೊರಗ ಬರ್ತೈತೋ ಇಲ್ಲೋ ನೋಡ್ಬೇಕು.”

ಅವನು ದಾವಲಸಾಬನ ಕುರ್ಚಿಯ ಕಡೆ ಒಮ್ಮೆ ನೋಡಿದ. “ಅವ್ರದೂ ತಗೀಲೇನ್ರಿ?” ಎಂದ. ಅವನಿಗೂ ಏನೋ ಅನಿಸುತ್ತಿತ್ತೆಂದು ಅವಳಿಗೆ ಆಗ ಗೊತ್ತಾಯಿತು.

ಭಾನುವಾರ ಮಧ್ಯಾಹ್ನ ಲ್ಯಾಬಿನಲ್ಲಿ ಅವಳೊಬ್ಬಳೇ. ಸೀಸೆಗಳನ್ನು ಒಂದೊಂದಾಗಿ ಯಂತ್ರಕ್ಕೆ ಕೊಟ್ಟು, ಪರದೆಯ ಮೇಲೆ ಗೆರೆ ಏರುವುದನ್ನು ನೋಡುತ್ತ ಕುಳಿತಳು. ಒಳಗೆ ಹೋಗುವ ನೀರಿನಲ್ಲಿ ಲೀಟರಿಗೆ ಸುಮಾರು ಆರು. ಆರ್‌ಓ ಅದನ್ನು ಮುಟ್ಟಿಯೂ ಇರಲಿಲ್ಲ. ಅವಳಿಂದ ಹೊರಬಂದ ನೀರಿನಲ್ಲಿ ಮೂರು ಮುಕ್ಕಾಲು. ದಾವಲಸಾಬನಿಂದ ಹೊರಬಂದದ್ದರಲ್ಲೂ ಹೆಚ್ಚುಕಡಿಮೆ ಅಷ್ಟೇ. ಉಳಿದ ಎರಡೂಕಾಲು ಮನುಷ್ಯರ ಒಳಗೇ ನಿಂತಿತ್ತು. ಅದನ್ನು ನೂರಿಪ್ಪತ್ತು ಲೀಟರಿಗೆ ಗುಣಿಸಿದಳು. ನಲ್ಲಿಯ ನೀರು ಕುಡಿಯುವವನ ರಕ್ತಕ್ಕೆ ಆರು ವರ್ಷದಲ್ಲಿ ಸೇರುವಷ್ಟು ವಿಷ ಆ ಕುರ್ಚಿಯಲ್ಲಿ ಒಂದು ಸಲ ಕುಳಿತು ಏಳುವಷ್ಟರಲ್ಲಿ ಸೇರುತ್ತಿತ್ತು. ವಾರಕ್ಕೆ ಮೂರು ಸಲ, ಹದಿನಾರು ತಿಂಗಳು.

ಅವಳ ಕಿಡ್ನಿಯಲ್ಲಿ ಇನ್ನೂ ಚೂರು ಜೀವ ಉಳಿದಿತ್ತು. ದಿನಕ್ಕೆ ಒಂದು ಲೋಟದಷ್ಟು ಮೂತ್ರ ಬರುತ್ತಿತ್ತು. ಆ ಒಂದು ಲೋಟವೇ ಅವಳ ಮಾತನ್ನು ಉಳಿಸಿತ್ತು. ದಾವಲಸಾಬನಿಗೆ ಅದೂ ಇರಲಿಲ್ಲ.

ಯಾರಿಗಾದರೂ ಹೇಳಬೇಕೆನಿಸಿತು. ಫೋನು ತೆಗೆದು ಹೆಸರುಗಳನ್ನು ಮೇಲೆ ಕೆಳಗೆ ಸರಿಸಿದಳು. ಮಂಡಳಿಯವರು, ಗ್ಯಾಸಿನವರು, ಔಷಧದ ಅಂಗಡಿ. ಫೋನು ಮೇಜಿನ ಮೇಲಿಟ್ಟಳು.

ಸೋಮವಾರ ಬೆಳಿಗ್ಗೆ ಮುಖ್ಯ ಇಂಜಿನಿಯರ್ ಸಂಕನಗೌಡರ ಕೋಣೆಗೆ ಹೋದಳು. ಕುಂಬಾರ ಓಣಿಯ ಸಾವುಗಳ ಕಾಲದಲ್ಲಿ ರಾತ್ರಿ ಹಗಲು ಓಣಿಯಲ್ಲೇ ಬಿದ್ದುಕೊಂಡು ಕೆಲಸ ಮಾಡಿಸಿದ ಮನುಷ್ಯ. ಅವರು ಹಾಳೆಗಳನ್ನು ಎರಡು ಸಲ ಓದಿ, ಕನ್ನಡಕ ತೆಗೆದಿಟ್ಟರು.

“ಇದು ಖರೇನ?”

“ಮೂರು ಸಲ ಅಳದೀನ್ರಿ ಸರ್.”

“ಮೇಡಂ, ನಾಳೆ ಪೇಪರಿನಾಗ ‘ಒಳಚರ್ಮದಾಗ ವಿಷ’ ಅಂತ ಬಂತಂದ್ರ ಏನಾಕ್ಕೈತಿ ಗೊತ್ತೈತೇನು? ಮಂದಿ ನಲ್ಲಿ ಬಿಟ್ಟು ಬಾವಿಗೆ ಹೋಗ್ತಾರ. ಮತ್ತ ಕಾಮಾಲಿ. ಮತ್ತ ಹೆಣಾ ಎಣಸೋದು. ಆ ಹದಿನೇಳು ಮಂದಿನ್ನ ನೀವೂ ನೋಡೀರಿ.”

“ಒಳಚರ್ಮ ಕಿತ್ತಹಾಕ್ರಿ ಅಂತ ನಾ ಹೇಳವಲ್ಲೆ. ಕುಡಿಯೋರಿಗೆ ಏನೂ ಆಗಂಗಿಲ್ಲ, ಅದು ಈಗಲೂ ಖರೇನ. ಡಯಾಲಿಸಿಸ್ ವಾರ್ಡಿಗೆ ಮಾತ್ರ ಬ್ಯಾರೆ ನೀರು ಕೊಡ್ರಿ. ಶುದ್ಧೀಕರಣ ಘಟಕದಾಗ, ಕೊಳವಿ ಸೇರೋಕಿಂತ ಮೊದಲ, ಟ್ಯಾಂಕರಿಗೆ ತುಂಬಿ ಕಳಸ್ರಿ. ಮತ್ತ ಒಳಚರ್ಮ ಹಚ್ಚಿದ ಉಳಿದ ಹನ್ನೊಂದು ಊರಿಗೆ ಪತ್ರ ಬರೀರಿ.”

“ಬರೀತೀನಿ. ಕಂಪನಿಯವ್ರೂ ತಮ್ಮ ಲ್ಯಾಬಿನಾಗ ಒಮ್ಮೆ ನೋಡ್ಲಿ. ಮೂರು ವಾರ ತಡೀರಿ.”

“ಮೂರು ವಾರ ಅಂದ್ರ ಒಂಬತ್ತು ಸಲ ಕುಂತು ಏಳೋದು, ಸರ್.”

ಅವರು ದನಿ ತಗ್ಗಿಸಿ, “ಸಹಿ ನಿಮ್ಮದೈತಿ, ಮೇಡಂ. ಕಂಪನಿಯವ್ರು ಮೊದಲು ಅದನ್ನ ತೋರಸ್ತಾರ. ನಾ ನಿಮ್ಮ ಸಲುವಾಗಿನೂ ಹೇಳಾಕತ್ತೀನಿ” ಎಂದರು.

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನೀಲಾಂಬಿಕಾ ತನ್ನ ಕೋಣೆಗೆ ಬಂದು ಮಂಡಳಿಯ ನಿಯಮಗಳ ಪುಸ್ತಕ ತೆಗೆದಳು. ಮಂಡಳಿಯ ನಿಯಮದಲ್ಲಿ ಮುಖ್ಯ ರಸಾಯನಶಾಸ್ತ್ರಜ್ಞೆಗೆ ಒಂದೇ ಒಂದು ಅಧಿಕಾರವಿತ್ತು. ಯಾವುದೇ ನಳದ ನೀರು ಬಳಸಲು ಯೋಗ್ಯವಲ್ಲವೆಂದು ಕಂಡರೆ, ಯಾರನ್ನೂ ಕೇಳದೆ ಆ ನಳ ಮುಚ್ಚಿಸಬಹುದು. ಮುಚ್ಚಿದ ಮೇಲೆ ಅಲ್ಲಿಗೆ ಬೇರೆ ನೀರು ಒದಗಿಸುವುದು ಮಂಡಳಿಯ ಹೊಣೆ. ಅವಳು ಆದೇಶ ಬರೆದಳು. ಟ್ರಸ್ಟ್ ಆಸ್ಪತ್ರೆಯ ಡಯಾಲಿಸಿಸ್ ವಾರ್ಡಿನ ನಳ ಮುಚ್ಚತಕ್ಕದ್ದು. ಕಾರಣ ಎಂಬಲ್ಲಿ ಹೀಗೆ ಬರೆದಳು: ‘ನಾನು ಮೂರೂವರೆ ವರ್ಷದ ಹಿಂದೆ ಕೊಟ್ಟ ಪ್ರಮಾಣಪತ್ರದಲ್ಲಿ ಈ ರೋಗಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಆ ಪ್ರಮಾಣಪತ್ರವನ್ನು ಇವರ ಮಟ್ಟಿಗೆ ಹಿಂತೆಗೆದುಕೊಳ್ಳುತ್ತಿದ್ದೇನೆ.’ ಬರೆಯುವಾಗ ‘ಪ್ರಮಾಣಪತ್ರ’ ಎಂಬ ಪದಕ್ಕೆ ಎರಡು ಸಲ ತಡವರಿಸಿದಳು.

ಮಂಗಳವಾರ ಬೆಳಿಗ್ಗೆ ಟ್ಯಾಂಕರ್ ಬರಲು ತಡವಾಯಿತು. ಹತ್ತೊಂಬತ್ತು ಜನರೂ ಅವರ ಮನೆಯವರೂ ವರಾಂಡದಲ್ಲಿ ತುಂಬಿಕೊಂಡಿದ್ದರು. ಕಾಲು ಬಾತವರು, ಏದುಸಿರು ಬಿಡುವವರು. ನೀರು ಯಾಕಿಲ್ಲ ಎಂದು ಎಲ್ಲರೂ ದೇವಪ್ರಿಯನನ್ನು ಬೈಯುತ್ತಿದ್ದರು. ನೀಲಾಂಬಿಕಾ ಎದ್ದು ನಿಂತು ಹೇಳಿದಳು. ಇದ್ದದ್ದನ್ನು ಇದ್ದ ಹಾಗೆ, ಯಾರಿಗೂ ಗೊಂದಲವಾಗದ ಮಾತಿನಲ್ಲಿ. ನೀರಿನಲ್ಲಿ ಏನಿದೆ, ಅದು ಏನು ಮಾಡಿದೆ, ಅದರಿಂದ ತೊಂದರೆಯಿಲ್ಲವೆಂದು ಸಹಿ ಮಾಡಿದವರು ಯಾರು.

ಟೇಲರ್ ಹೆಂಗಸಿನ ಮಗ ಮುಂದೆ ಬಂದು, “ನಮ್ಮವ್ವನ ಬಾಯಿ ಹೋಗಿದ್ದು ನಿಮ್ಮಿಂದ ಅಂದಂಗಾತು” ಎಂದ. ಅವಳು “ಹೌದು” ಎಂದಳು. ಅವನು ಮುಖ ತಿರುಗಿಸಿ ತನ್ನ ಅವ್ವನ ಪಕ್ಕ ಹೋಗಿ ನಿಂತ.

ಅವಳು ದಾವಲಸಾಬನ ಮುಂದೆ ಹೋಗಿ ಮೊಣಕಾಲೂರಿ ಕುಳಿತು, ಮತ್ತೊಮ್ಮೆ ಮೊದಲಿನಿಂದ ಹೇಳಿದಳು. ಅವನು ಅವಳ ತುಟಿಗಳನ್ನೇ ನೋಡುತ್ತಿದ್ದ. ಕೇಳಿ ಮುಗಿದ ಮೇಲೆ ಅವಳ ತಲೆ ಸವರಿ ನಕ್ಕ. ಒಂದು ಪದವೂ ಅವನನ್ನು ಮುಟ್ಟಿರಲಿಲ್ಲ. ಮಾಬೂಬಿಯನ್ನು ಮುಟ್ಟಿತ್ತು. ಅವಳು ಗಂಡನ ಕೈಯನ್ನು ನೀಲಾಂಬಿಕಾಳ ತಲೆಯ ಮೇಲಿಂದ ಎತ್ತಿ ತನ್ನ ಮಡಿಲಲ್ಲಿಟ್ಟುಕೊಂಡಳು.

ಹನ್ನೊಂದು ಗಂಟೆಗೆ ಟ್ಯಾಂಕರ್ ಬಂತು.

ಅದಾದ ಮೇಲಿನದನ್ನು ಪೇಪರಿನವರು ಬರೆದರು. ವಿಚಾರಣಾ ಸಮಿತಿ ಕೂತಿತು. ಉಳಿದ ಹನ್ನೊಂದು ಊರುಗಳಲ್ಲಿ ಮೂರರಲ್ಲಿ ಡಯಾಲಿಸಿಸ್ ಕೇಂದ್ರಗಳಿದ್ದವು. ಅಲ್ಲಿಯೂ ಮಾತು ಕಳೆದುಕೊಂಡವರು ಸಿಕ್ಕರು. ಒಂದು ಊರಿನಲ್ಲಿ ನಾಲ್ಕು ಜನ ಆಗಲೇ ತೀರಿಕೊಂಡಿದ್ದರು, ವಯಸ್ಸಾಗಿತ್ತೆಂದು ಮನೆಯವರು ಮಣ್ಣು ಮಾಡಿ ಮರೆತಿದ್ದರು. ಕಂಪನಿ ಹಾರ್ಡನರ್ ಬದಲಿಸಿತು. ಬೆಣ್ಣಿಹಾಳದಲ್ಲಿ ಜನ ನಲ್ಲಿ ಬಿಟ್ಟು ಬಾವಿಗೆ ಹೋದದ್ದು ಎರಡೇ ವಾರ. ಸಂಕನಗೌಡರು ಓಣಿ ಓಣಿಗೆ ಹೋಗಿ ಎಲ್ಲರೆದುರು ನಲ್ಲಿಯ ನೀರು ಕುಡಿದು ತೋರಿಸಿದರು. ಕೊಳವೆ ದುರಸ್ತಿಯ ಅರ್ಜಿ ನಮೂನೆಯಲ್ಲಿ ಹೊಸ ಸಾಲೊಂದು ಸೇರಿತು: ಈ ಮಾರ್ಗದಲ್ಲಿ ಡಯಾಲಿಸಿಸ್ ರೋಗಿಗಳು ಇದ್ದಾರೆಯೇ?

ಸಮಿತಿ ನೀಲಾಂಬಿಕಾಳನ್ನು ಕೆಲಸದಿಂದ ತೆಗೆಯಲಿಲ್ಲ. ಅಂದಿನ ನಿಯಮದಂತೆ ಲೆಕ್ಕ ಸರಿಯಿತ್ತು ಎಂದು ಬರೆಯಿತು. ಆದರೆ ಲ್ಯಾಬಿನವರು ಅವಳು ಒಳಗೆ ಬಂದಾಗ ಮಾತು ನಿಲ್ಲಿಸುತ್ತಿದ್ದರು. ವಾರ್ಡಿನಲ್ಲಿ ಅವಳ ಸಮಯವನ್ನು ಮಧ್ಯಾಹ್ನದ ಪಾಳಿಗೆ ಹಾಕಿಸಿದರು, ಅದನ್ನು ಕೇಳಿದವರು ರೋಗಿಗಳ ಮನೆಯವರು. ಆ ಪಾಳಿಯಲ್ಲಿ ಮೂರೇ ಜನ. ದಾವಲಸಾಬನನ್ನು ಮಾಬೂಬಿ ಇಳಕಲ್ಲಿನ ತನ್ನ ತವರಿಗೆ ಕರೆದುಕೊಂಡು ಹೋದಳು. ಅಲ್ಲಿನ ಆಸ್ಪತ್ರೆಗೆ ಕೊಳವೆಬಾವಿಯ ನೀರಿತ್ತು. ಹೋಗುವ ದಿನ ಅವರು ಅವಳಿಗೆ ತಿಳಿಸಿರಲಿಲ್ಲ. ದೇವಪ್ರಿಯ ಸೂಜಿ ಹಾಕುತ್ತ ಹೇಳಿದ.

ಮೈಯೊಳಗೆ ಸೇರಿದ ಉಳಿಕೆ-೭ ಹೊರಗೆ ಬರುತ್ತದೆಯೇ, ಬರಲು ಎಷ್ಟು ಕಾಲ ಬೇಕು ಎಂಬುದು ಯಾರಿಗೂ ತಿಳಿದಿರಲಿಲ್ಲ. ವೈದ್ಯರು ಕೇಳಿದರೆ ರೋಗಿಗಳು ರಕ್ತ ಕೊಡಲು ಒಪ್ಪುತ್ತಿರಲಿಲ್ಲ, ಅವರಿಗೆ ಪರೀಕ್ಷೆಗಳೆಂದರೆ ಸಾಕಾಗಿಹೋಗಿತ್ತು. ನೀಲಾಂಬಿಕಾ ಪ್ರತಿ ಶನಿವಾರ ತನ್ನ ರಕ್ತವನ್ನೇ ಒಂದು ಸೀಸೆ ತೆಗೆಸಿಕೊಂಡಳು. ಭಾನುವಾರ ಲ್ಯಾಬಿಗೆ ಹೋಗಿ ಅಳೆದಳು. ಹೊಸ ನೀರು ಹಳೆಯ ವಿಷವನ್ನು ಸ್ವಲ್ಪ ಸ್ವಲ್ಪವೇ ಎಳೆದು ಗಟಾರಕ್ಕೆ ಹಾಕುತ್ತಿತ್ತು. ಮೊದಲ ತಿಂಗಳು ಗೆರೆ ಇಳಿಯಲೇ ಇಲ್ಲ. ಮೂರನೆಯ ತಿಂಗಳಲ್ಲಿ ಕೂದಲೆಳೆಯಷ್ಟು ಇಳಿಯಿತು. ವರದಿಯನ್ನು ಮೂರೂ ಊರುಗಳ ವೈದ್ಯರಿಗೆ, ಇಳಕಲ್ಲಿಗೂ, ತಿಂಗಳಿಗೊಮ್ಮೆ ಕಳಿಸಿದಳು. ಉತ್ತರ ಬರುತ್ತಿದ್ದದ್ದು ಅಪರೂಪ. ಒಬ್ಬ ವೈದ್ಯರು ಒಮ್ಮೆ ಬರೆದಿದ್ದರು, ‘ನಮ್ಮಲ್ಲಿ ಇಬ್ಬರು ರೋಗಿಗಳು ತಮ್ಮ ಮಕ್ಕಳ ಹೆಸರು ಹೇಳತೊಡಗಿದ್ದಾರೆ.’ ಆ ಸಾಲನ್ನು ಅವಳು ಎಷ್ಟು ಸಲ ಓದಿದಳೋ.

ಮನೆಯಲ್ಲಿ ಅವಳು ಗಟ್ಟಿಯಾಗಿ ಮಾತಾಡುವುದನ್ನು ರೂಢಿ ಮಾಡಿಕೊಂಡಳು. ಪದಗಳು ತನ್ನಲ್ಲಿ ಇವೆಯೇ ಎಂದು ನೋಡಿಕೊಳ್ಳಲು. ಜೋಳ, ಒಲೆ, ಜರಡಿ, ಬ್ಯುರೆಟ್, ಕೆರೂರ. ಹೇಳಿ ಮುಗಿದ ಮೇಲೆ ಮನೆ ಮೊದಲಿಗಿಂತ ಖಾಲಿ ಅನಿಸುತ್ತಿತ್ತು. ಆದರೂ ಹೇಳುತ್ತಿದ್ದಳು.

ಹದಿನಾಲ್ಕನೆಯ ತಿಂಗಳಿನ ಒಂದು ಭಾನುವಾರ ಪರದೆಯ ಮೇಲೆ ಗೆರೆ ಏಳಲಿಲ್ಲ. ಇನ್ನೊಂದು ಸೀಸೆ ಹಾಕಿ ನೋಡಿದಳು. ಆಗಲೂ ಏಳಲಿಲ್ಲ. ಅವಳ ರಕ್ತದಲ್ಲಿ ಉಳಿಕೆ-೭ ಇಲ್ಲ. ಅವಳು ಅಲ್ಲೇ ಕುರ್ಚಿಯ ಮೇಲೆ ಕೂತು ಮಾಬೂಬಿಯ ನಂಬರು ಒತ್ತಿದಳು. ಇದಕ್ಕೆ ಮೊದಲು ಐದಾರು ಸಲ ಮಾಡಿದಾಗ ಮಾಬೂಬಿ ಎತ್ತಿರಲಿಲ್ಲ. ಈ ಸಲ ಫೋನು ಎತ್ತಿದ ದನಿ ಅವಳದಾಗಿರಲಿಲ್ಲ.

“ಹಲೋ, ಯಾರ್ರೀ ಮಾತಾಡೋದು?”

ಮೊದಲಿನಷ್ಟು ಜೋರಿಲ್ಲ, ಸ್ವಲ್ಪ ನಿಧಾನ. ಆದರೆ ನಡುವೆ ಎಲ್ಲಿಯೂ ತಡವರಿಸದೆ, ಪೂರ್ತಿಯಾಗಿ ಬಂದ ಮಾತು.

“ಅಣ್ಣಾರ, ನಾ ನೀಲವ್ವ.”

“ಯಾವ ನೀಲವ್ವ?”

“ಬೆಣ್ಣಿಹಾಳದಾಕಿ ರೀ. ದವಾಖಾನ್ಯಾಗ ನಿಮ್ಮ ಪಕ್ಕದಾಗ ಕೂಡ್ತಿದ್ದೆ. ಎರಡು ವರ್ಷ.”

ಆ ಕಡೆ ಅವನು ಹುಡುಕುತ್ತಿದ್ದದ್ದು ಉಸಿರಿನಲ್ಲಿ ಕೇಳಿಸುತ್ತಿತ್ತು. “ಆ ವರ್ಷದ್ದು ಭಾಳ ಅಳಿಸಿಹೋಗೈತವ್ವಾ. ಮಾತು ಬಂದಾವು, ಮಂದಿ ಬಂದಿಲ್ಲ. ಬ್ಯಾಸರ ಮಾಡ್ಕೋಬ್ಯಾಡ. ಏನಾಗ್ಬೇಕಿತ್ತು?”

ಇಲ್ಲಿಗೇ ಬಿಟ್ಟುಬಿಡಬಹುದಾಗಿತ್ತು. ಕ್ಷೇಮ ವಿಚಾರಿಸಲು ಮಾಡಿದ್ದೆ ಎಂದು ಹೇಳಿ ಫೋನು ಇಡಬಹುದಾಗಿತ್ತು. ಅವಳು ಹೇಳಿದಳು. ಒಳಚರ್ಮದಿಂದ ಹಿಡಿದು, ನೂರಿಪ್ಪತ್ತು ಲೀಟರ್, ಸಹಿ, ಟ್ಯಾಂಕರ್, ತನ್ನ ರಕ್ತ, ಇವತ್ತಿನ ಪರದೆ, ಎಲ್ಲವನ್ನೂ. ಹಿಂದೊಮ್ಮೆ ಮೊಣಕಾಲೂರಿ ಹೇಳಿದಾಗ ಅವನಿಗೆ ತಿಳಿದಿರಲಿಲ್ಲ. ಈಗ ಒಂದೊಂದು ಪದವೂ ತಿಳಿಯುತ್ತಿತ್ತು. ನಡುನಡುವೆ “ಹೂಂ”, “ಅಲ್ಲಿ ತಡಿ, ಮತ್ತೊಮ್ಮೆ ಹೇಳು” ಎನ್ನುತ್ತಿದ್ದ.

“ಅಂದ್ರ, ಆ ನೀರಿಗೆ ಸಹಿ ಮಾಡಿದಾಕಿ ನೀನ.”

“ಹೌದ್ರಿ.”

“ಮತ್ತ ನೀನೂ ಅದ ನೀರಿನಾಗ ಇದ್ದಿ.”

“ಹೌದ್ರಿ.”

ಹಿಂದೆಲ್ಲೋ ಪಾತ್ರೆ ತೊಳೆಯುವ ಸದ್ದು, ಮಾಬೂಬಿ ಇರಬೇಕು.

“ಸಿಟ್ಟು ಮಾಡ್ಬೇಕಂದ್ರ ನೀ ನೆನಪಾಗ್ಬೇಕಲ್ಲವ್ವಾ,” ಎಂದ ಕೊನೆಗೆ. “ನಿನ್ನ ಮಾರಿನ ನೆನಪಿಗೆ ಬರವಲ್ದು. ಫೋನಿನಾಗ ಹಿಂಗ ಕೇಳಿ ಏನಂತ ಹೇಳ್ಲಿ? ಒಮ್ಮೆ ಬಾ. ಎದುರಿಗೆ ಕುಂತು ಹೇಳು. ಆವಾಗ ಏನ್ ಅನ್ನಸ್ತೈತಿ ನೋಡೋಣು.”

“ಯಾವಾಗ ಬರ್ಲಿ ಅಣ್ಣಾರ?”

“ಮಂಗಳವಾರ, ಗುರುವಾರ, ಶನಿವಾರ ಬ್ಯಾಡ. ಸೂಜಿ ಹಾಕ್ತಾರ.”

“ನನಗೂ ಅವ ದಿನ ರೀ.”

“ನಿನಗೂ ಅವನ?” ಎಂದ ಅವನು. “ಹಂಗಾದ್ರ ಆದಿತ್ಯವಾರ ಬಾ.”

ಆಗಲಿ ರೀ ಎಂದಳು ನೀಲಾಂಬಿಕಾ. ಮಾತು ಮುಗಿದಿತ್ತು. ಅವನು ಫೋನು ಇಡುವುದನ್ನು ಕಾಯುತ್ತ ಕುಳಿತಳು. ಅವನು ಇಡಲಿಲ್ಲ, ಅವಳೂ ಇಡಲಿಲ್ಲ.